ಸರಿಯಾದ ವಾಕ್ಯ

ಮೂರನೆಯ ವಾಕ್ಯದಲ್ಲೂ ತಪ್ಪಿತ್ತು. ಎಲ್ಲಿ ಎನ್ನುವುದು ಮಾತ್ರ ಯರ್ರಿಸ್ವಾಮಿಗೆ ಹೊಳೆಯಲಿಲ್ಲ. ಯಾರೋ ಇಂಗ್ಲಿಷ್ ದೊರೆಸಾನಿ ಕೊಡೆ ಮರೆತು ತೋಟಕ್ಕೆ ಹೋಗಿ ನೆನೆದಳಂತೆ. ಜಗಳೂರಿನ ಬಿಸಿಲಲ್ಲಿ ಕೂತು ಅವಳನ್ನು ತಿದ್ದಿ ಬರೆದರೆ ಕಾಲೇಜು. ಮೆಟ್ರಿಕ್ಕಿನಲ್ಲಿ ಎರಡು ಸಲ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದಿದ್ದ, ಮಿಕ್ಕೆಲ್ಲದರಲ್ಲೂ ಪಾಸು.

ಬಾಗಿಲಲ್ಲಿ ಮಾವ ದುರುಗಪ್ಪ ರುಮಾಲು ಸುತ್ತಿ ನಿಂತಿದ್ದ. ನಿನ್ನೆ ಸಾಸ್ವೆಹಳ್ಳಿಯಿಂದ ಬಂದವನು.

"ಗಾದ್ರಮ್ಮನ್ನ ಕರ್ಕೊಂಡು ಹೋಗ್ತೀನ್ರಿ."

"ಹ್ಞೂಂ."

"ಮದುವಿ ಆದಾಗಿಂದ ನನ್ ಮಗಳ ಕೂಟೆ ನೀವು ಮಾತೇ ಆಡಲ್ಲಂತೆ. ಇರು ಅಂತ ಒಂದ್ ಮಾತು ಅನ್ರಿ, ಬಿಟ್ಟು ಹೋಗ್ತೀನಿ. ಇಲ್ದಿದ್ರೆ ನಮ್ಮ ಕುಲದಾಗೆ ಉಡಿಕೆ ಐತೆ. ಇನ್ನೊಬ್ಬನ ಮನಿ ತುಂಬಿಸ್ತೀನಿ."

"ಪರೀಕ್ಷೆ ಹತ್ರ ಬಂತು ಮಾವ."

"ಅದು ಹೋದ ವರ್ಸಾನೂ ಬಂದಿತ್ತಲ್ರಿ," ಎಂದ ದುರುಗಪ್ಪ, ಕುಹಕವೇನೂ ಇಲ್ಲದೆ.

ಅವಳು ಹೋಗಬಾರದು. ಇದು ಯರ್ರಿಸ್ವಾಮಿಗೆ ಖಂಡಿತ ಗೊತ್ತಿತ್ತು. ಅವಳು ಮಗ್ಗುಲಾದಾಗ ಬಳೆಯ ಸದ್ದು ಕೇಳಿದರೆ ಮಾತ್ರ ತಾನೂ ಈ ಮನೆಯವನು ಅನ್ನಿಸುತ್ತಿತ್ತು. ಆದರೆ ಬಾಯಿಗೆ ಬಂದದ್ದನ್ನು ಬಂದ ಹಾಗೆ ಆಡುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಆಡಿದ್ದೆಲ್ಲದರ ಕೆಳಗೂ ಯಾರೋ ಕೆಂಪು ಗೆರೆ ಎಳೆಯುತ್ತಾರೆ ಎಂಬ ಭಯ ಅಂಟಿಕೊಂಡಿತ್ತು. ಪುಸ್ತಕ ಮುಚ್ಚಿ ಅಪ್ಪ ಮಗಳ ಹಿಂದೆಯೇ ಬಸ್ಸಿನವರೆಗೆ ನಡೆದ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುವ ಬಸ್ಸು. ಕ್ಲೀನರ್ ಪಾಲಣ್ಣ ಹಿಂದಿನ ಒಲೆಗೆ ಇದ್ದಿಲು ಸುರಿದು ಗಾಳಿಚಕ್ರ ತಿರುಗಿಸುತ್ತಿದ್ದ. ಒಲೆ ಹದಕ್ಕೆ ಬರುವ ತನಕ ಬಸ್ಸು ಕದಲುವಂತಿಲ್ಲ. ಇಷ್ಟು ಉದಾರವಾದ ವೇಳೆ ಯಾವ ಪರೀಕ್ಷೆಯಲ್ಲೂ ಅವನಿಗೆ ಸಿಕ್ಕಿರಲಿಲ್ಲ.

'ಹೋಗಬೇಡ.' ಅಪ್ಪಣೆ ಮಾಡಿದಂತಾಯಿತು, ಮನಸ್ಸಿನಲ್ಲೇ ಹೊಡೆದುಹಾಕಿದ. 'ಹೋಗದಿದ್ದರೆ ಒಳ್ಳೆಯದು.' ಯಾರಿಗೆ? 'ನೀನಿಲ್ಲದಿದ್ದರೆ ನನಗೆ...' ಥೂ, ನಾಟಕದ ಮಾತು. ಮತ್ತೆ ಮೊದಲಿನಿಂದ ಶುರುಮಾಡಿದ.

ಕಿಟಕಿಯಿಂದ ಗಾದ್ರಮ್ಮ ನೇರವಾಗಿ ಅವನನ್ನೇ ನೋಡಿದಳು. ಹಾಗೆ ನೋಡಿದ್ದು ಅದೇ ಮೊದಲು.

"ಏನಾರ ಅನ್ನಾಕೆ ಬಂದ್ರೇನ್ರಿ?"

ಅವನು ಬಾಯಿ ತೆರೆದ.

"ಹೊಗೆ ಬರ್ತೈತೆ. ಆಚೆ ಕಡೆ ಕೂತ್ಕೊ."

ಅವಳು "ಹ್ಞೂಂ" ಎಂದು ಆಚೆ ಸರಿದು ಕೂತಳು. ಮುಖ ಕಾಣದಾಯಿತು.

ಬಸ್ಸು ನಡುಗಿ ಹೊರಟಿತು. ಹೊರಟದ್ದು ಪಕ್ಕದ ದಿಬ್ಬವನ್ನೇ ಏರಲಾರದೆ ನಿಂತುಬಿಟ್ಟಿತು. ಯರ್ರಿಸ್ವಾಮಿ 'ದೇವರೇ' ಎಂದುಕೊಂಡು ಓಡಿದ.

"ಗಂಡಸ್ರೆಲ್ಲ ಇಳೀರಪ್ಪೋ, ಒಂದೀಟು ದಬ್ರಿ!" ಪಾಲಣ್ಣ ಕೂಗುತ್ತಿದ್ದ. ದುರುಗಪ್ಪನೂ ಇಳಿದಿದ್ದ. "ಸ್ವಾಮೇರ, ನೋಡ್ಕೊಂಡು ನಿಂತ್ರಲ್ಲ, ನೀವೂ ಕೈ ಹಾಕ್ರಿ!"

ಈ ಮಾತಿಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಯರ್ರಿಸ್ವಾಮಿ ಪಂಚೆ ಎತ್ತಿ ಕಟ್ಟಿ, ಮಾವನ ಪಕ್ಕದಲ್ಲಿ ಬಿಸಿ ತಗಡಿಗೆ ಅಂಗೈ ಕೊಟ್ಟು ದಬ್ಬಿದ. ಕಣ್ಣು ಕತ್ತಲೆ ಬರುವಂತೆ ದಬ್ಬಿದ. ಇಷ್ಟು ಮನಸ್ಸಿಟ್ಟು ಅವನು ಯಾವ ಕೆಲಸವನ್ನೂ ಮಾಡಿದವನಲ್ಲ. ದಿಬ್ಬದ ನೆತ್ತಿಯಲ್ಲಿ ಎಂಜಿನ್ ಕೆಮ್ಮಿ ಹಿಡಿದುಕೊಂಡಿತು. ಮಾವ ಓಡಿ ಹತ್ತಿಕೊಂಡ.

"ಶಾಭಾಸ್!" ಎಂದ ಪಾಲಣ್ಣ, ಬಾಗಿಲಲ್ಲಿ ಜೋತಾಡುತ್ತ.

ಬಸ್ಸು ಇಳಿಜಾರಿನಲ್ಲಿ ಉರುಳಿ ದೂರವಾಯಿತು. ಯರ್ರಿಸ್ವಾಮಿ ಮಸಿ ಹತ್ತಿದ ಕೈಗಳನ್ನು ಚಾಚಿಕೊಂಡೇ, ದಬ್ಬಲು ಏನೂ ಇಲ್ಲದ ಗಾಳಿಯಲ್ಲಿ, ಇನ್ನೂ ಮುಂದೆ ಮುಂದೆ ಹೋಗುತ್ತಿದ್ದ.