ವಾಲಿಬಾಲಿಗಾಗಿ ಬೇರೆಯಾದ ಸಂಸಾರ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಆಕೆಯನ್ನು ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ಆಕೆ ನರ್ಸೇನೂ ಅಲ್ಲ. ರೋಗಿಯ ಬಾಯಿಗೆ ದೀಪ ತಿರುಗಿಸುವುದು, ಎಂಜಲು ಹೀರುವ ನಳಿಗೆ ಹಿಡಿಯುವುದು, ಹೆದರಿದವರ ಭುಜ ತಟ್ಟುವುದು ಅವಳ ಕೆಲಸ. ವರ್ಷಗಟ್ಟಲೆ ಊರಿನ ದೊಡ್ಡ ಮನುಷ್ಯರ ಬಾಯೊಳಗೆ ಇಣುಕಿದ ಮೇಲೆ ದೊಡ್ಡ ಮನುಷ್ಯರ ಬಗ್ಗೆ ಅವಳಿಗೆ ಅಂಥಾ ಗೌರವವೇನೂ ಉಳಿದಿರಲಿಲ್ಲ. ಆದರೂ ಸೀಟಿ ಮೇಷ್ಟ್ರಷ್ಟು ಹಲ್ಲು ಗಿಂಜುವ ಪ್ರಾಣಿಯನ್ನು ಅವಳು ಕ್ಲಿನಿಕ್ಕಿನಲ್ಲೂ ಕಂಡಿರಲಿಲ್ಲ.

ಸೀಟಿ ಮೇಷ್ಟ್ರು ಊರಿನ ಆ ತುದಿಯ ದೊಡ್ಡ ಸ್ಕೂಲಿನ ವಾಲಿಬಾಲ್ ಕೋಚು. ಯಾರ ಮನೆಗೆ ಹೋದರೂ ಕೊರಳಲ್ಲಿ ಸೀಟಿ ಇರಲೇಬೇಕು. ಅವರು ಸಿಸ್ಟರ್ ಮನೆಗೆ ಬಂದದ್ದು ಅವಳ ಮಗಳಿಗಾಗಿ. ಹದಿನಾಲ್ಕಕ್ಕೇ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುವಷ್ಟು ಬೆಳೆದಿದ್ದ ಆ ಹುಡುಗಿಯನ್ನು ಗೆಳತಿಯರು ಏಣಿ ಎಂದು ಕರೆಯುತ್ತಿದ್ದರು. ಏಣಿ ನೆಗೆದು ಚೆಂಡು ಹೊಡೆದರೆ ಎದುರಿನವರು ಮುಖ ಮುಚ್ಚಿಕೊಳ್ಳುತ್ತಿದ್ದರು.

"ಒಂದು ರೂಲ್ಸ್ ಇದೆ ನೋಡಿ," ಅಂದರು ಮೇಷ್ಟ್ರು, ಬಿಸ್ಕತ್ತು ಅದ್ದಿಕೊಳ್ಳುತ್ತಾ. "ಆಟಕ್ಕೋಸ್ಕರ ಸ್ಕೂಲು ಬದಲಾಯಿಸಿದ್ರೆ ಒಂದು ವರ್ಷ ಮ್ಯಾಚ್ ಆಡೋ ಹಾಗಿಲ್ಲ. ದೊಡ್ಡ ಸ್ಕೂಲಿನವರು ಚಿಕ್ಕ ಸ್ಕೂಲಿನ ಮಕ್ಕಳನ್ನ ಎಗರಿಸಿಕೊಂಡು ಹೋಗಬಾರದು ಅಂತ ಮಾಡಿದಾರೆ. ಒಳ್ಳೇ ರೂಲ್ಸೇ." ತಾವೇ ಎಗರಿಸಲು ಬಂದು ಕೂತಿರುವುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. "ಆದ್ರೆ ಮನೆಯವರೆಲ್ಲ ಆ ಕಡೆ ಬಂದು ನೆಲೆಸಿದ್ರೆ ಅಡ್ಡಿಯಿಲ್ಲ. ಇಲ್ಲಾಂದ್ರೆ, ಅಪ್ಪ ಅಮ್ಮ ಬೇರೆಯಾಗಿ, ಮಗು ಒಬ್ಬರ ಜೊತೆ ಬಂದ್ರೂ ನಡೆಯತ್ತೆ."

ಸಿಸ್ಟರ್ ಗಂಡ ನಲ್ಲಿ, ಬೇಸಿನ್ನು ಮಾರುವ ಅಂಗಡಿಯವನು. ಹುಡುಗನಾಗಿದ್ದಾಗ ತಾನೂ ಆಡಬೇಕಿತ್ತು, ಮಂಡಿ ಕೈಕೊಟ್ಟಿತು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮಂಡಿಗೆ ಏನಾಗಿತ್ತು ಅನ್ನುವುದು ಅವನ ತಾಯಿಗೂ ಗೊತ್ತಿರಲಿಲ್ಲ. ಮನೆ ಬಿಟ್ಟು ಹೋಗುವ ಮಾತು ಬಂದದ್ದೇ ಅವನ ಮುಖ ಸಣ್ಣದಾಯಿತು. ಅಂಗಡಿಯಲ್ಲಿದ್ದ ಒಳ್ಳೊಳ್ಳೆಯ ನಲ್ಲಿಗಳನ್ನೆಲ್ಲ ತಂದು ತನ್ನ ಬಚ್ಚಲಿಗೆ ಹಾಕಿಸಿಕೊಂಡಿದ್ದವನು ಅವನು.

"ಹಾಗಾದ್ರೆ ನಾವು ಬೇರೆ ಆಗಿಬಿಡೋಣ ಬಿಡು," ಅಂದ ಹೆಂಡತಿಗೆ, ಸೋರುವ ನಲ್ಲಿಗೆ ವಾಷರ್ ಬದಲಾಯಿಸೋಣ ಅನ್ನುವ ದನಿಯಲ್ಲಿ. "ಪೇಪರ್ ಮೇಲೆ ಅಷ್ಟೇ ಕಣೇ. ಸೀಸನ್ ಮುಗಿದ ಮೇಲೆ ವಾಪಸ್ ಬಂದ್ರಾಯ್ತು."

ಮದುವೆಯಾಗಿ ಇಷ್ಟು ವರ್ಷವಾದರೂ ತನ್ನ ಗಂಡನಿಗೆ ತಾನು ಯಾವ ಲೆಕ್ಕ ಅನ್ನುವುದು ಅವಳಿಗೆ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಅವಳು ಮಗಳ ಕಡೆ ನೋಡಿದಳು. ಏಣಿಯ ಕಣ್ಣು ಮಿನುಗುತ್ತಿತ್ತು. ಈಗಿನ ಸ್ಕೂಲಿನಲ್ಲಿ ಹರಿದ ನೆಟ್ಟಿಗೆ ಗಂಟು ಹಾಕಿಕೊಂಡು ಆಡುತ್ತಿದ್ದವಳು ಪಾಪ. ಸಿಸ್ಟರ್ "ಹೂಂ" ಅಂದಳು.

ದೊಡ್ಡ ಸ್ಕೂಲಿನ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲೆ, ಎರಡು ಕೋಣೆ ಸಿಕ್ಕಿತು. ಮೊದಲ ವಾರ ಅವಳಿಗೆ ಏನೋ ಕಳೆದುಕೊಂಡ ಹಾಗೆ ಅನ್ನಿಸಿತು. ಏನೆಂದು ಯೋಚಿಸಿದರೆ, ಕಾಲುಚೀಲ ಎಲ್ಲಿ, ಕನ್ನಡಕ ಎಲ್ಲಿ, ಉಪ್ಪು ಯಾಕೆ ಕಮ್ಮಿ ಎಂದು ಕೂಗುವ ಆ ದನಿ. ಎರಡನೇ ವಾರ ಅದು ಕಳೆದುಕೊಂಡದ್ದಲ್ಲ, ತೊಲಗಿದ್ದು ಎಂದು ಅರ್ಥವಾಯಿತು. ತಾಯಿ ಮಗಳು ಹಸಿವಾದಾಗ ಉಣ್ಣುತ್ತಿದ್ದರು, ನಗು ಬಂದಾಗ ನಗುತ್ತಿದ್ದರು. ಕೆಳಗೆ ಸೈಕಲ್ಲಿನವನು ಟ್ಯೂಬಿಗೆ ಗಾಳಿ ಹೊಡೆಯುವ ಸದ್ದೂ ಅವಳಿಗೆ ಹಿತವಾಗಿ ಕೇಳತೊಡಗಿತು.

ಭಾನುವಾರ ಗಂಡ ಬರುತ್ತಿದ್ದ. ಬೇರೆಯಾದವನು ಬಂದದ್ದು ಯಾರಿಗೂ ಕಾಣಬಾರದಲ್ಲ, ಸ್ಕೂಟರನ್ನು ಇನ್ನೊಂದು ಬೀದಿಯಲ್ಲಿ ನಿಲ್ಲಿಸಿ, ಟೋಪಿ, ಕಪ್ಪು ಕನ್ನಡಕ ಏರಿಸಿ, ಹಿಂದಿನ ಮೆಟ್ಟಿಲಿನಿಂದ ಕಳ್ಳ ಬೆಕ್ಕಿನ ಹಾಗೆ ಹತ್ತಿ ಬರುತ್ತಿದ್ದ. ಕೈಯಲ್ಲಿ ವಾರದ ಕೊಳೆಬಟ್ಟೆಯ ಗಂಟು. ಉಂಡು, ಮಗಳಿಗೆ ನೆಗೆಯುವುದು ಹೇಗೆಂದು ಕುರ್ಚಿಯಲ್ಲಿ ಕೂತೇ ಪಾಠ ಹೇಳಿ, ಸಂಜೆ ಇಸ್ತ್ರಿಯಾದ ಶರ್ಟು ಹಿಡಿದು ಇಳಿಯುತ್ತಿದ್ದ.

ಒಂದು ಭಾನುವಾರ ನಿಟ್ಟುಸಿರುಬಿಟ್ಟು, "ಮನೆ ಬಿಕೋ ಅನ್ನತ್ತೆ ಕಣೇ," ಅಂದ. ಸಿಸ್ಟರ್ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅರೆಗಳಿಗೆ ನಿಂತಿತು. "ನಲ್ಲಿಗಳೆಲ್ಲ ಕಳೆಗುಂದಿವೆ. ಒರೆಸೋರೇ ಇಲ್ಲ."

ಅವಳು ಮತ್ತೆ ಇಸ್ತ್ರಿ ಎಳೆದಳು, ಕಾಲರು ಕಂದಿಹೋಗುವಷ್ಟು ಒತ್ತಿ.

ಏಣಿ ಬಂದ ಮೇಲೆ ದೊಡ್ಡ ಸ್ಕೂಲು ಗೆಲ್ಲತೊಡಗಿತು, ಸೋತ ಸ್ಕೂಲಿನವರು ದೂರು ಕೊಟ್ಟರು. ಸ್ಕೂಲುಗಳ ಕ್ರೀಡಾ ಸಮಿತಿಯಿಂದ ಒಬ್ಬ ತನಿಖೆಗೆ ಬಂದ. ಬಂದವನು ಬಚ್ಚಲಿಗೆ ನುಗ್ಗಿ ಬ್ರಶ್ಶುಗಳನ್ನು ನೋಡಿದ, ಗಂಡಸಿನ ಚಪ್ಪಲಿ ಇದೆಯೇ ಎಂದು ಮಂಚದ ಕೆಳಗೆ ಬೋರಲು ಮಲಗಿ ಹುಡುಕಿದ.

"ಏನಾದ್ರೂ ಕಳ್ಕೊಂಡ್ರಾ?" ಅಂತ ಕೇಳಿದಳು ಸಿಸ್ಟರ್.

"ಕರ್ತವ್ಯ ಮೇಡಂ," ಅಂದ ಅವನು ಮಂಚದ ಕೆಳಗಿನಿಂದಲೇ.

ಅವನಿಗೆ ಏನೂ ಸಿಗಲಿಲ್ಲ. ಸೋತ ಸ್ಕೂಲಿನವರಿಗೆ ಸಿಕ್ಕಿತು. ಸಿಸ್ಟರ್ ಗಂಡ ಹ್ಯಾಂಗರಿಗೆ ಹಾಕಿದ ಶರ್ಟುಗಳನ್ನು ಎತ್ತಿ ಹಿಡಿದು, ಮೆರವಣಿಗೆ ಹೊರಟವನಂತೆ ಮೆಟ್ಟಿಲಿಳಿಯುವ ಫೋಟೋ. ಟೋಪಿ, ಕಪ್ಪು ಕನ್ನಡಕದಲ್ಲೂ ಗುರುತು ಸಿಕ್ಕುವ ಮುಖ ಅವನದು.

ವಿಚಾರಣೆಗೆ ಕರೆ ಬಂತು. ಅದು ನಡೆದದ್ದು ಒಂದು ಸ್ಕೂಲಿನ ಸಂಗೀತದ ಕೋಣೆಯಲ್ಲಿ. ಹೊರಗೆ ಕಾಯುವಾಗ ಸೀಟಿ ಮೇಷ್ಟ್ರು ಹತ್ತಿರ ಬಂದು ಪಿಸುಗುಟ್ಟಿದರು, "ಮೇಡಂ, ಇವರು ಹೊಡೀತಿದ್ರು ಅಂತ ಹೇಳಿಬಿಡಿ. ಆಮೇಲೆ ಯಾರೂ ಪ್ರಶ್ನೆ ಕೇಳಲ್ಲ. ಗ್ಯಾರಂಟಿ."

ಗಂಡ ಸಿಟ್ಟಾಗುತ್ತಾನೆಂದು ಅವಳು ಕಾದಳು. ಅವನು ಗಲ್ಲ ಕೆರೆದುಕೊಂಡು ಯೋಚಿಸಿದ. "ಒಂದೆರಡು ಸಲ ಅಂತ ಹೇಳು," ಅಂದ. "ತುಂಬಾ ಬೇಡ. ಅಂಗಡಿಗೆ ಬರೋ ಗಿರಾಕಿಗಳು ಏನಂದ್ಕೋತಾರೆ. ಆಮೇಲೆ ಸ್ವಲ್ಪ ಅಳು."

ಅವಳಿಗೆ ಅಳು ಬರಲಿಲ್ಲ. ಬಾಯಿ ಮುಕ್ಕಳಿಸಿ ಉಗಿಯಬೇಕು ಅನ್ನಿಸಿತು.

ಒಳಗೆ ಸಮಿತಿಯ ಮೂವರು ಕೂತಿದ್ದರು. ನಡುವಿನ ಅಧ್ಯಕ್ಷರು ಹೋದ ತಿಂಗಳಷ್ಟೇ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು ದವಡೆಹಲ್ಲು ಕೀಳಿಸಿಕೊಂಡಿದ್ದವರು. ಈಗ ಅವಳ ಗುರುತೇ ಅವರಿಗೆ ಹತ್ತಲಿಲ್ಲ. ಮೊದಲು ಗಂಡ ಮಾತಾಡಿದ. ಕರವಸ್ತ್ರ ಹಿಡಿದು, ಮುರಿದ ಸಂಸಾರ, ಒಂಟಿ ಜೀವ, ಮಗಳ ಭವಿಷ್ಯ ಎಂದು ಎಷ್ಟು ಚೆನ್ನಾಗಿ ಗದ್ಗದನಾದನೆಂದರೆ ಸಮಿತಿಯ ಒಬ್ಬಾಕೆ ನೀರಿನ ಲೋಟ ಮುಂದೆ ತಳ್ಳಿದಳು.

ಅಧ್ಯಕ್ಷರು ಫೋಟೋ ಎತ್ತಿ ತೋರಿಸಿದರು. "ಬೇರೆ ಆದೋರು ಶರ್ಟು ಇಸ್ತ್ರಿ ಮಾಡಿಕೊಡ್ತಾರೇನಮ್ಮ?"

ಸಿಸ್ಟರ್ ಮಗಳ ಕಡೆ ತಿರುಗಿದಳು. ಪುಟ್ಟ ಮಕ್ಕಳ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತಿದ್ದ ಏಣಿ ತಲೆ ಎತ್ತಲಿಲ್ಲ. ಅಪ್ಪನ ಗದ್ಗದಕ್ಕೆ ಅವಳ ಕಿವಿ ಕೆಂಪಾಗಿತ್ತು.

"ಮಾಡಿಕೊಡಲ್ಲ ಸಾರ್," ಅಂದಳು ಸಿಸ್ಟರ್. "ನಾವು ಬೇರೆ ಆಗೇ ಇರಲಿಲ್ಲ. ನಾಟಕ ಅದು. ಈ ಮೇಷ್ಟ್ರು ಹೇಳಿಕೊಟ್ರು, ಇವರು ಒಪ್ಪಿದ್ರು, ನಾನೂ ಬಾಯಿ ಮುಚ್ಚಿಕೊಂಡು ಗಂಟು ಕಟ್ಟಿದೆ. ಹೊರಗಡೆ ಈಗ ಇನ್ನೊಂದು ಸುಳ್ಳು ಹೇಳು ಅಂತ ಹೇಳಿ ಕಳಿಸಿದಾರೆ. ಅದು ನನ್ನ ಕೈಲಾಗಲ್ಲ." ಅವಳು ಉಸಿರೆಳೆದುಕೊಂಡಳು. "ಆದ್ರೆ ವಾಪಸ್ ಆ ಮನೆಗೆ ನಾನು ಹೋಗಲ್ಲ. ಇದು ನಾಟಕ ಅಲ್ಲ."

ಅಧ್ಯಕ್ಷರು ಎತ್ತಿದ ಪೆನ್ನನ್ನು ಕೆಳಗಿಟ್ಟರು. "ಅಂದ್ರೆ ನೀವು ಬೇರೆ ಆಗಿದೀರೋ, ಇಲ್ವೋ?"

"ಈಗ ಆದ್ವಿ."

ಮೂವರೂ ತಲೆಗೆ ತಲೆ ಕೊಟ್ಟು ಗುಸುಗುಸು ಮಾಡಿದರು. ಗಂಡಹೆಂಡಿರು ಸಮಿತಿಯ ಎದುರಿಗೇ ಬೇರೆಯಾದರೆ ಏನು ಮಾಡಬೇಕು ಅನ್ನುವುದಕ್ಕೆ ರೂಲ್ಸ್ ಇರಲಿಲ್ಲ. ಕೊನೆಗೆ, ಸ್ಕೂಲು ಬದಲಾಯಿಸಿದ ದಿನ ಹೇಳಿದ್ದು ಸುಳ್ಳಾದ್ದರಿಂದ ಹುಡುಗಿ ಒಂದು ವರ್ಷ ಆಡುವ ಹಾಗಿಲ್ಲ ಎಂದರು. ಹಳೇ ಸ್ಕೂಲಿಗೆ ಹಿಂದಿರುಗಿದರೆ ಅದೂ ಬದಲಾವಣೆಯೇ, ಅಲ್ಲೂ ಒಂದು ವರ್ಷ ಕಾಯಬೇಕು. ಸುಳ್ಳು ಕಟ್ಟಿದ ಮೇಷ್ಟ್ರಿಗೆ ಎಚ್ಚರಿಕೆ. ಎಚ್ಚರಿಕೆ ಕೊಟ್ಟವರು, ತಗೊಂಡವರು ಒಟ್ಟಿಗೇ ಹೋಗಿ ಕಾಫಿ ಕುಡಿದರು.

"ಯಾರನ್ನ ಕೇಳಿ ಬೇರೆ ಆದೆ ನೀನು?" ಎಂದು ಗೇಟಿನ ಹತ್ತಿರ ಗಂಡ ಕೂಗಾಡಿದ.

"ನೀವೇ ಹೇಳಿದ್ರಲ್ಲ," ಅಂದಳು.

ಗಂಡನಿಗೆ ಉತ್ತರ ಕೊಡುವುದು ಸುಲಭವಾಯಿತು. "ನನ್ನ ಒಂದು ವರ್ಷ ಹೋಯ್ತಲ್ಲಮ್ಮ," ಅಂದಳು ಏಣಿ, "ನನ್ನನ್ನ ಒಂದು ಮಾತು ಕೇಳಬಹುದಿತ್ತು." ಅದು ನಿಜ. ಉಳಿದವರನ್ನೆಲ್ಲ ಮನಸ್ಸಿನಲ್ಲೇ ಉಗಿದು ಉಪ್ಪಿನಕಾಯಿ ಹಾಕಿದ್ದ ಸಿಸ್ಟರಿಗೆ, ಆ ಸಾಲಿನಲ್ಲಿ ತಾನೂ ನಿಂತಿದ್ದೇನೆ ಎಂದು ಅನ್ನಿಸಿದ್ದು ಆಗಲೇ. ಹುಡುಗಿ ವಾರಗಟ್ಟಲೆ ಅಮ್ಮನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ದೊಡ್ಡ ಸ್ಕೂಲಿನಲ್ಲೇ ಉಳಿದ ಏಣಿಯ ಕೆಲಸ ಟೀಮಿನಲ್ಲಿ ನೀರಿನ ಬಾಟಲಿ ತುಂಬುವುದಕ್ಕೆ ಬಂತು. ಸೀಟಿ ಮೇಷ್ಟ್ರ ಕಣ್ಣಿಗೆ ಅಷ್ಟೆತ್ತರದ ಹುಡುಗಿ ಕಾಣುವುದೇ ನಿಂತುಹೋಯಿತು. ಅವರು ಆಗಲೇ ಇನ್ನೊಂದು ಮನೆಯಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಒಂದು ಸಂಜೆ ಏಣಿ ಬೇಸರಕ್ಕೆ ಬಸ್ ಡಿಪೋ ಪಕ್ಕದ ಮೈದಾನಕ್ಕೆ ಹೋದಳು. ಅಲ್ಲಿ ಡ್ಯೂಟಿ ಮುಗಿದ ಕಂಡಕ್ಟರಮ್ಮಂದಿರು, ಆಸ್ಪತ್ರೆಯ ನರ್ಸುಗಳು ಆಡುತ್ತಿದ್ದರು. ಯಾರೂ ವಿಳಾಸ ಕೇಳಲಿಲ್ಲ. ದಪ್ಪ ಕಂಡಕ್ಟರಮ್ಮ ಒಬ್ಬಳು ಮೊದಲ ಚೆಂಡನ್ನೇ ಏಣಿಯ ಮೂಗಿಗೆ ಬಾರಿಸಿ, "ಕೈ ಯಾಕಮ್ಮ ಇಟ್ಕೊಂಡಿದೀಯ, ತಿನ್ನೋಕಾ?" ಎಂದಳು. ಮೂಗು ಊದಿಸಿಕೊಂಡು ಮನೆಗೆ ಬಂದ ಏಣಿ ಬಹಳ ದಿನದ ಮೇಲೆ ಅಮ್ಮನಿಗೆ ಕಥೆ ಹೇಳಿ ನಕ್ಕಳು. ಆಮೇಲೆ ಅವಳು ಅಲ್ಲಿಗೆ ದಿನಾ ಹೋದಳು.

ವರ್ಷ ಮುಗಿದದ್ದೇ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಎಲ್ಲ ಹಲ್ಲೂ ತೋರಿಸಿ, "ನಮ್ಮ ಚಿನ್ನ ಎಲ್ಲಿ?" ಅಂದರು.

"ಆಡ್ತೀನಿ ಸಾರ್," ಅಂದಳು ಏಣಿ ಬಾಗಿಲಲ್ಲೇ ನಿಂತು. "ಆದ್ರೆ ನೀವು ಇಲ್ಲಿಗೆ ಬರೋದು ಬೇಡ. ನಮ್ಮಮ್ಮನ ಹತ್ರ ಮಾತಾಡೋದೂ ಬೇಡ."

ಅವರು ಇಳಿದು ಹೋದ ಮೇಲೆ ಸಿಸ್ಟರ್ ಕೇಳಿದಳು, "ಅಂಥವನ ಕೈಕೆಳಗೆ ಆಡ್ತೀಯೇನೆ?"

"ಆಟ ಏನು ಅವರಪ್ಪಂದಾ?" ಅಂದಳು ಮಗಳು.

ಆ ವರ್ಷ ದೊಡ್ಡ ಸ್ಕೂಲು ಸೆಮಿಫೈನಲ್ಲಿನಲ್ಲಿ ಸೋತಿತು. ತನ್ನ ಮಂಡಿ ಚೆನ್ನಾಗಿದ್ದರೆ ಏನೇನು ಮಾಡುತ್ತಿದ್ದೆ ಎಂದು ಸಿಸ್ಟರ್ ಗಂಡ ಮೈದಾನದ ಆ ಬದಿಯ ಮೆಟ್ಟಿಲ ಮೇಲೆ ಯಾರಿಗೋ ವಿವರಿಸುತ್ತಿದ್ದ. ಈ ಬದಿಯಲ್ಲಿ, ಕಂಡಕ್ಟರಮ್ಮಂದಿರ ನಡುವೆ ಕೂತು, ಸಿಸ್ಟರ್ ಗಂಟಲು ಕಟ್ಟುವವರೆಗೂ ಕೂಗಿದಳು. ಏಣಿ ಸೋತ ಸಿಟ್ಟಿಗೆ ಶೂ ಕಿತ್ತು ಎಸೆದವಳು, ಆಮೇಲೆ ಅದನ್ನು ತಾನೇ ಹೋಗಿ ಹೆಕ್ಕಿಕೊಂಡು ಬಂದು, "ಹೊಟ್ಟೆ ಹಸೀತಿದೆ, ನಡಿಯಮ್ಮ," ಅಂದಳು.