ಒಂದು ತಟ್ಟು, ಎರಡು ತಟ್ಟು

ನಾನು ಒಂದು ಮೇಜು. ಹುಬ್ಬಳ್ಳಿಯ ಮೌನೇಶ ಬಡಿಗೇರ ಹಳೆಯ ಸಾಗವಾನಿ ಬಾಗಿಲೊಂದನ್ನು ಕೊಯ್ದು ನನ್ನನ್ನು ಮಾಡಿದ. ಬಾಗಿಲಾಗಿದ್ದ ಕಾಲ ಈಗಲೂ ಕನಸಿನ ಹಾಗೆ ನೆನಪಾಗುತ್ತದೆ. ಯಾರೋ ಬಂದರು, ಯಾರೋ ಹೋದರು ಅನ್ನಿಸುತ್ತಿರುತ್ತದೆ.

ನನ್ನನ್ನು ಕೊಂಡವರು ಛಾಪಖಾನೆಯ ಮಾಲಕರಾದ ಶೇಷಗಿರಿರಾಯರು. ನನ್ನ ಒಂದು ಬದಿಗೆ ಪ್ರೂಫ್ ತಿದ್ದುವ ರಾಚೋಟಪ್ಪನವರು, ಇನ್ನೊಂದು ಬದಿಗೆ ಓದಿ ಹೇಳುವ ಫಿಲೋಮಿನಾಬಾಯಿ, ಎಲ್ಲರೂ ಕರೆಯುತ್ತಿದ್ದದ್ದು ಬರೀ ಬಾಯಿ ಎಂದು. ಬಾಯಿ ಇಂಗ್ಲಿಷ್ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವರು, ರಾಚೋಟಪ್ಪನವರು ಅಚ್ಚಾದ ಹಾಳೆಯಲ್ಲಿ ತಪ್ಪು ಹುಡುಕುವರು. ನನಗೆ ಇಂಗ್ಲಿಷ್ ಬಾರದು. ಆದರೂ ಮಧ್ಯಾಹ್ನದ ಹೊತ್ತು ಆ ಮಾತುಗಳು ನನ್ನ ಮೈಮೇಲೆ ಹತ್ತಿಯ ಎಳೆಯ ಹಾಗೆ ಇಳಿಯುತ್ತಿದ್ದವು.

ಕೆಲವು ಇಂಗ್ಲಿಷ್ ಮಾತು ಕಿವಿಗೆ ಒಂದೇ, ಬರೆದರೆ ಬೇರೆ. ಅಂಥವು ಬಂದಾಗ ಬಾಯಿ ಬೆರಳಿನಿಂದ ನನ್ನನ್ನು ತಟ್ಟುತ್ತಿದ್ದರು. ಸ್ಟೇಷನರಿ ಅಂದರೆ ನಿಂತ ಗಾಡಿಗೆ ಒಂದು ತಟ್ಟು, ಕಾಗದ ಪೆನ್ಸಿಲಿಗೆ ಎರಡು. ಪ್ರಿನ್ಸಿಪಲ್ ಅಂದರೆ ಕಾಲೇಜಿನ ಹಿರಿಯರಿಗೆ ಒಂದು, ಬಾಳಿನ ನಿಯಮಕ್ಕೆ ಎರಡು. ಹೀಗೇ ಹದಿನೆಂಟು ವರ್ಷ.

ಆಮೇಲೆ ರಾಚೋಟಪ್ಪನವರ ಕಣ್ಣಿಗೆ ಪೊರೆ ಬಂತು. ಯಾರಿಗೂ ಹೇಳದೆ ಇಬ್ಬರೂ ಕೆಲಸದ ರೀತಿ ಬದಲಿಸಿಕೊಂಡರು. ಬಾಯಿ ಅಚ್ಚಾದದ್ದನ್ನೇ ಓದಿ, ಅಚ್ಚಾದ ಹಾಗೆಯೇ ತಟ್ಟುವರು. ರಾಚೋಟಪ್ಪನವರು ಕಣ್ಣು ಮುಚ್ಚಿ ಕೇಳುವರು. ಅರ್ಥಕ್ಕೆ ಒಪ್ಪದ ತಟ್ಟು ಬಂದರೆ ಬೆರಳು ಎತ್ತುವರು, ಬಾಯಿ ಅಲ್ಲಿ ತಿದ್ದುವರು.

ಒಂದು ದಿನ ಮಾಲಕರು ಬಾಗಿಲಲ್ಲಿ ನಿಂತು ನೋಡಿದರು.

“ಏನ್ರೀ ರಾಚೋಟಪ್ನಾರ, ಪ್ರೂಫ್ ನೋಡ್ಲಿಕತ್ತೀರೋ, ನಿದ್ದಿ ಮಾಡ್ಲಿಕತ್ತೀರೋ?”

“ಕೇಳಾಕತ್ತೀನ್ರಿ. ಕಣ್ಣು ಮೂರು ತಿಂಗಳ ಹಿಂದನ ರಜಾ ಹಾಕ್ಯಾವ.”

ಮಾಲಕರು ನಗಲಿಲ್ಲ. ನನ್ನ ಮೇಲಿದ್ದದ್ದು ಶಾಲೆಯ ಮಕ್ಕಳ ಇಂಗ್ಲಿಷ್ ಪುಸ್ತಕ, ಅದರ ತುಂಬಾ ಇಂಥ ಜೋಡಿ ಮಾತುಗಳೇ. “ಇದರಾಗ ಒಂದು ತಪ್ಪು ಉಳಿದ್ರೂ, ಮಾಡಿದವರು ಮನೀಗೆ ಹೋಗೂದ” ಅಂದರು.

ಬಾಯಿಯ ದುಡಿಮೆಯ ಮೇಲೆ ಮೂವರು ಹೆಣ್ಣುಮಕ್ಕಳಿದ್ದರು. ರಾಚೋಟಪ್ಪನವರಿಗೆ ಈ ಕುರ್ಚಿ ಬಿಟ್ಟರೆ ಹೋಗಿ ಕೂಡುವ ಜಾಗವೇ ಇರಲಿಲ್ಲ.

ಕೊನೆಯ ಹಾಳೆಗಳ ದಿನ ಬಾಯಿಯ ಕಿರಿಮಗಳಿಗೆ ಜ್ವರ. ಕೈ ಇಲ್ಲಿ, ಮನಸ್ಸು ಮನೆಯಲ್ಲಿ. ಒಂದು ಸಾಲಿನಲ್ಲಿ ಅವರು ಅಚ್ಚಾದದ್ದಕ್ಕೆ ತಟ್ಟಲಿಲ್ಲ, ಅಚ್ಚಾಗಬೇಕಾದದ್ದಕ್ಕೆ ತಟ್ಟಿದರು: ನಿಂತ ಗಾಡಿಯ ಸ್ಟೇಷನರಿ ಅಚ್ಚಾಗಿದ್ದಲ್ಲಿ ಕಾಗದ ಪೆನ್ಸಿಲಿನ ಎರಡು ತಟ್ಟು. ಕೇಳಿದ ಕಿವಿಗೆ ಎಲ್ಲ ಸರಿಯಾಗೇ ಇತ್ತು. ರಾಚೋಟಪ್ಪನವರ ಬೆರಳು ಏಳಲಿಲ್ಲ.

ಪುಸ್ತಕ ಹೊರಬಿದ್ದ ಮೇಲೆ ಮಾಲಕರು ಆ ಪುಟ ತಂದು ನನ್ನ ಮೇಲೆ ಹರವಿ, ಆ ತಪ್ಪಿನ ಮೇಲೆ ಬೆರಳಿಟ್ಟರು. “ಇದು ಯಾರದು?”

ಬಾಯಿ ಮಾತಾಡುವಷ್ಟರಲ್ಲಿ ರಾಚೋಟಪ್ಪನವರು ಎದ್ದು ನಿಂತಿದ್ದರು.

“ನಂದ್ರಿ. ಅವರು ಬರೋಬ್ಬರಿ ತಟ್ಟಿದ್ರು. ನನ್ನ ಕಿವೀನೂ ರಜಾ ಹಾಕಿತು ನೋಡ್ರಿ.”

ಅವರು ಕೋಲು ಊರಿಕೊಂಡು ಹೋದರು. ಮರುದಿನ ಆ ಕುರ್ಚಿ ಬಾಯಿಗೆ ಬಂತು. ಒಂದು ವಾರ ಅವರು ನಿಂತುಕೊಂಡೇ ತಿದ್ದಿದರು.

ಛಾಪಖಾನೆ ಮುಚ್ಚಿದಾಗ ಬಾಯಿ ನನ್ನನ್ನು ತಮ್ಮ ಮನೆಯ ಪಡಸಾಲೆಗೆ ತಂದರು. ಈಗ ನನ್ನ ಒಂದು ಕಾಲಿಗೆ ಇಟ್ಟಿಗೆ ಚೂರಿನ ಆಸರೆ. ಹೋದ ಭಾನುವಾರ ರಾಚೋಟಪ್ಪನವರು ಬಂದಿದ್ದರು, ಶಸ್ತ್ರಕ್ರಿಯೆಯಾದ ಕಣ್ಣಿಗೆ ದಪ್ಪ ಕನ್ನಡಕ.

“ಆವತ್ತಿನ ತಪ್ಪು ನಂದ್ರಿ” ಅಂದರು ಬಾಯಿ.

“ಗೊತ್ತಿತ್ರಿ. ಹುಡುಗಿ ಜ್ವರ ಇಳೀತಲ್ಲ?”

“ಆಕೀಗ ಎರಡು ಮಕ್ಕಳು.”

“ಮತ್ತ? ಚಾ ಕೊಡ್ರಿ.”

ಸೋತು ಹೋಗುವವನ ಹೆಜ್ಜೆ, ಬಿಟ್ಟುಕೊಟ್ಟು ಹೋಗುವವನ ಹೆಜ್ಜೆ ನನಗೆ ಇಷ್ಟು ವರ್ಷ ಒಂದೇ ಆಗಿ ಕೇಳಿದ್ದವು. ಮರದ ಬುದ್ಧಿ, ತಡವಾಗಿ ತಿಳಿಯಿತು. ಬಾಯಿ ಚಹಾ ತಂದಿಟ್ಟರು. ಬಿಸಿ ಬಟ್ಟಲು ನನ್ನ ಮೈಮೇಲೆ ಒಂದು ಬಿಳಿ ಉಂಗುರ ಬಿಟ್ಟಿದೆ. ಒರೆಸಿದರೂ ಹೋಗಿಲ್ಲ, ಇರಲಿ.