ಝಿವ್ಕಾ ಕೊಟ್ಟ ಹೋಲಿಕೆಯ ರಕ್ತ

ನಮ್ಮಲ್ಲಿ ಒಳ್ಳೆಯ ಸುದ್ದಿ ಬಂದವರು ಚಾಕೊಲೇಟ್ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಬೇಕು. ಆ ಸೋಮವಾರ ಡಬ್ಬಿ ಹಿಡಿದು ಬಂದವಳು ಝಿವ್ಕಾ. ಪ್ಲೊವ್ದಿವ್ ನಗರದ ಈ ಪ್ರಯೋಗಾಲಯದಲ್ಲಿ ಬಹಳ ವರ್ಷಗಳಿಂದ ನನ್ನ ಬಲಗೈ. ಅವಳ ಅಣ್ಣ ಲ್ಯುಬೆನ್‌ನ ಮೂಳೆಮಜ್ಜೆ ಬತ್ತುತ್ತಿತ್ತು, ರಕ್ತದ ಕ್ಯಾನ್ಸರ್ ಹೊಸ್ತಿಲಿಗೆ ಬಂದು ನಿಂತಿತ್ತು. ಬೇರೆಯವರ ಮಜ್ಜೆ ಹಾಕಿದರೆ ಮಾತ್ರ ಉಳಿಯುತ್ತಾನೆ ಎಂದಿದ್ದರು. ದೇಶವಿದೇಶ ಜಾಲಾಡಿದರೂ ಹೊಂದುವವರು ಸಿಕ್ಕಿರಲಿಲ್ಲ. ಕೊನೆಗೆ ತಂಗಿಯದೇ ಪೂರ್ತಿ ಹೊಂದುತ್ತದೆ ಎಂದು ಅಂದು ಬೆಳಿಗ್ಗೆ ವಾರ್ಡಿನಿಂದ ಹೇಳಿ ಕಳಿಸಿದ್ದರು.

ಎಲ್ಲರೂ ಒಂದೊಂದು ತೆಗೆದುಕೊಂಡು ಅವನ ಆರೋಗ್ಯಕ್ಕೆ ಹಾರೈಸಿದರು. ನಾನೂ ಒಂದನ್ನು ಜೇಬಿಗೆ ಹಾಕಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಅಲ್ಲಿದ್ದದ್ದು ಝಿವ್ಕಾಳ ರಕ್ತ.

ಲ್ಯುಬೆನ್‌ಗೆ ಈ ಗತಿ ಬಂದದ್ದು ಟೆಲೊಮಿಯರ್‌ನಿಂದಲೇ ಎಂಬ ಅನುಮಾನ ನನ್ನದು. ವರ್ಣತಂತುಗಳ ತುದಿಗಿರುವ ಕಾವಲು ಅದು, ಕಂಬಳಿಯ ಅಂಚು ಬಿಚ್ಚಿಕೊಳ್ಳದಂತೆ ಹಾಕುವ ಗಂಟಿನ ಹಾಗೆ. ಜೀವಕೋಶ ಒಂದು ಎರಡಾದಾಗಲೆಲ್ಲ ಚೂರು ಸವೆಯುತ್ತದೆ. ಕೆಲವು ಮನೆತನಗಳಲ್ಲಿ ಹುಟ್ಟುವಾಗಲೇ ಮೋಟು. ಪೂರ್ತಿ ಸವೆದರೆ ವರ್ಣತಂತುಗಳು ತುದಿಗೆ ತುದಿ ಅಂಟಿಕೊಳ್ಳುತ್ತವೆ, ಕೋಶ ಒಡೆಯುವಾಗ ಎಳೆದಾಡಿ ಎಲ್ಲೆಂದರಲ್ಲಿ ಹರಿಯುತ್ತವೆ, ಹರಿದದ್ದು ಮತ್ತೆ ಎಲ್ಲೋ ಅಂಟುತ್ತದೆ. ಅಂಥ ಕೋಶಗಳು ಬಹುಪಾಲು ಸಾಯುತ್ತವೆ. ಸಾಯದೆ ಮೊಂಡು ಬಿದ್ದು ಬೆಳೆಯುವುದು ಒಂದಿದ್ದರೂ ಸಾಕು, ಅದೇ ಕ್ಯಾನ್ಸರ್ ಆಗಬಲ್ಲದು.

ಅವನ ರಕ್ತದ ಪಕ್ಕದಲ್ಲಿಟ್ಟು ನೋಡಲು ಆರೋಗ್ಯವಂತರ ರಕ್ತ ಬೇಕು. ನನ್ನದು ಮುದಿ ರಕ್ತ, ಲೆಕ್ಕಕ್ಕಿಲ್ಲ. ತಾನು ಎತ್ತಿನ ಹಾಗೆ ಗಟ್ಟಿಯಾಗಿದ್ದೇನೆ ಎಂದು ಝಿವ್ಕಾ ತೋಳು ಚಾಚಿದ್ದಳು. ಒಡಹುಟ್ಟಿದವರ ರಕ್ತವನ್ನು ಹೋಲಿಕೆಗೆ ಇಡಬಾರದೆಂದು ಹೊಸಬರನ್ನು ಗದರುವವಳು ನಾನೇ. ಆದರೂ ಕೈಗೆ ಸಿಕ್ಕಿತೆಂದು ತೆಗೆದುಕೊಂಡೆ. ಮೊದಲ ಸಲ ಕೆಟ್ಟದಾಗಿ ಬಂದಾಗ, ಟೆಲೊಮಿಯರ್ ಹೊಳೆಯುವಂತೆ ಹಾಕುವ ಬಣ್ಣ ಹಳತಾಗಿದೆ ಎಂದು ಬೈದು ಎಸೆದಿದ್ದೆ. ಹೊಸ ಬಣ್ಣ ಹಾಕಿ ಮಾಡಿದ್ದು ಇದು. ತುದಿಗಳಲ್ಲಿ ಹೊಳೆಯಬೇಕಾದ ಚುಕ್ಕೆಗಳೇ ಇಲ್ಲ. ಎರಡು ವರ್ಣತಂತುಗಳು ತಲೆಗೆ ತಲೆ ಕಚ್ಚಿಕೊಂಡಿವೆ.

ಅಣ್ಣತಂಗಿ ಇಬ್ಬರಿಗೂ ಇಪ್ಪತ್ತೆರಡಕ್ಕೇ ಕೂದಲು ನೆರೆತಿತ್ತು. ಅಣ್ಣ ಹಾಗೇ ಬಿಟ್ಟ, ಇವಳು ಬಣ್ಣ ಹಚ್ಚಿದಳು. ಅಜ್ಜಿಯ ಆಸ್ತಿಯಲ್ಲಿ ತನಗೆ ಬಂದ ಪಾಲು ಇದೇ ಎಂದು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಟೆಲೊಮಿಯರ್ ಮೋಟಾದ ಮನೆತನದ ಗುರುತೇ ಅದು. ನನ್ನ ಓದಿಗಿಷ್ಟು ಬೆಂಕಿ ಹಾಕಬೇಕು.

ಸಂಜೆ ಉಳಿದವರು ಹೋದ ಮೇಲೆ ಅವಳನ್ನು ಕರೆದೆ. ಸೂಕ್ಷ್ಮದರ್ಶಕ ತೋರಿಸಿ ನೋಡು ಎಂದಷ್ಟೇ ಹೇಳಿದೆ.

"ಪಾಪ, ಅಣ್ಣಂದು ಎಷ್ಟು ಹಾಳಾಗಿದೆ ನೋಡಿ ಡಾಕ್ಟ್ರಮ್ಮ," ಎಂದಳು.

"ಅದು ನಿಂದು ಕಣೇ."

ರಕ್ತದ ನಳಿಗೆಗಳು ಅದಲುಬದಲಾಗಿರಬೇಕು ಎಂದಳು. ಹೆಣ್ಣಿನ ಎರಡು ಎಕ್ಸ್ ವರ್ಣತಂತುಗಳಿವೆ, ನೀನೇ ಹುಡುಕು ಎಂದೆ. ಹುಡುಕಿದಳು. ಸಿಕ್ಕಿದ ಮೇಲೂ ಕಣ್ಣು ತೆಗೆಯಲಿಲ್ಲ.

"ನೀವೊಬ್ರೇ ತಾನೆ ನೋಡಿರೋದು? ಸುಮ್ನಿದ್ದುಬಿಡಿ. ವಾರ್ಡಿನವರೇನೂ ನನ್ನ ಟೆಲೊಮಿಯರ್ ಕೇಳಿಲ್ಲ. ಒಂದೆರಡು ವರ್ಷನಾದ್ರೂ ಬದುಕ್ಲಿ."

"ಬದುಕಲ್ಲ. ಅವನ ಕಾಯಿಲೆನೇ ಅವನಿಗೆ ವಾಪಸ್ ಹಾಕ್ದಂಗೆ. ಸುಸ್ತಾಗಿರೋ ಮಜ್ಜೆ, ಅಲ್ಲಿ ಹೋಗಿ ಚಿಗುರಲ್ಲ. ಚಿಗುರಿದ್ರೂ ಕ್ಯಾನ್ಸರ್ ಆಗಿ ಚಿಗುರುತ್ತೆ."

"ನಿಮ್ಗೇನು ಬಿಡಿ. ಗಾಜಲ್ಲಿ ನೋಡಿ ಹೇಳೋದಷ್ಟೇ ಕೆಲ್ಸ."

ಅವಳು ಮುಖ ತೊಳೆದು ಬಂದಳು. ಲ್ಯುಬೆನ್‌ಗೆ ನಾನೇ ಹೇಳುತ್ತೇನೆ ಎಂದೆ.

"ನೀವು ಬರ್ಬೇಡಿ. ನಿಮ್ಮೆದುರು ಮರ್ಯಾದೆಗೆ ನಗ್ತಾನೆ. ನಾನೊಬ್ಳೇ ಹೋದ್ರೆ ಅಳ್ತಾನೆ."

ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ನಿಂತಳು. ಈಗಷ್ಟೇ ಅವಳಿಗೆ ತನ್ನ ನೆನಪಾಗಿತ್ತು.

"ನಾಳೆ ನಂಗೂ ಮಜ್ಜೆ ಬೇಕಾದ್ರೆ, ನಂಗೆ ಹೊಂದೋನು ಅಣ್ಣ ಒಬ್ನೇ ಅಲ್ವಾ?"

ಹೌದು ಎಂದೆ.